ಘಟ್ಟದ ಕೆಳಗಿನ ಕಡಲು, ಕಡಲಿನೊಳಗಿನ ನಡುಗಡ್ಡೆಗಳು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಿಗೆ ನಮ್ಮ ಉದ್ಯಮಬಾಗ ಹರಡಿಕೊಂಡಿದೆ. ಎರಕದ ಮನೆಗಳ ಕಾವು, ಲೇಥು ಯಂತ್ರಗಳ ಸದ್ದು, ಪಾಳಿ ಬದಲಾಗುವ ಹೊತ್ತಿನ ಜನಸಂದಣಿ, ಇವುಗಳ ನಡುವೆ ಬದುಕು ಸಾಗಿಸುವ ನಮಗೆ ಕಡಲೆಂದರೆ ಬಹು ದೂರದ ಸಂಗತಿಯೆಂಬ ಭಾವನೆ ಬೆಳೆದುಬಂದಿದೆ. ಆದರೆ ನಕಾಶೆಯನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ನಿಂತವನಿಗೆ ಪಶ್ಚಿಮದ ಕಡಲು, ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ, ಸುಮಾರು ಐವತ್ತು ಕಿಲೋಮೀಟರ್ ಮಾತ್ರ. ಅದೇ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಾತ್ರ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಡುತ್ತಾಳೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿದು, ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು, ಕೊನೆಗೆ ಆಂಧ್ರದ ಅಂಚಿನಲ್ಲಿ ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ಅದೇ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಘಟ್ಟವನ್ನಿಳಿದು ಗೋವೆಯ ಕಡಲಿಗೆ ಧುಮುಕುತ್ತಾಳೆ. ಒಂದೇ ಮಳೆಯ ಎರಡು ಹನಿಗಳಲ್ಲಿ ಒಂದು ಮೂಡಲಿಗೂ ಇನ್ನೊಂದು ಪಡುವಲಿಗೂ ಹೋಗುವ ನಾಡು ನಮ್ಮದು.

ನಾವು ಮಲಪ್ರಭೆಯ ಮಕ್ಕಳು. ನಮ್ಮ ಜಾತ್ರೆ, ನಮ್ಮ ಬೀಗತನ, ನಮ್ಮ ಮಠಗಳು, ನಮ್ಮ ಜೋಳದ ಹೊಲಗಳು ಎಲ್ಲವೂ ಮೂಡಣ ದಿಕ್ಕಿನಲ್ಲಿವೆ. ಆದ್ದರಿಂದ ಪಶ್ಚಿಮದ ನೆರೆಮನೆಯಾದ ಕಡಲಿನ ಸ್ವಭಾವ ನಮಗೆ ತಿಳಿಯದೆ ಉಳಿದಿದೆ. ಹೀಗೆ ತಿಳಿಯದಿರುವುದು ಬರಿಯ ಕೊರತೆಯಲ್ಲ, ಅಪಾಯವೂ ಹೌದು ಎಂಬುದನ್ನು ಬೆಳಗಾವಿಯ ಜನ 2017ರ ಏಪ್ರಿಲ್ 15ರಂದು ಕಣ್ಣೀರಿನೊಡನೆ ಕಂಡರು. ಅಂದು ಮಾಲವಣ ಸಮೀಪದ ವಾಯರಿ ಕಡಲತೀರದಲ್ಲಿ ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜೊಂದರ ಎಂಟು ಜನ ನೀರುಪಾಲಾದರು. ಆ ವಾರ ಬೆಳಗಾವಿಯಲ್ಲಿ ಆ ಮಾತಲ್ಲದೆ ಬೇರೆ ಮಾತಿರಲಿಲ್ಲ. ನಮ್ಮ ಮನೆಯ ಹಿರಿಯರು ಅಂದೇ, "ಇನ್ನ ಮ್ಯಾಲೆ ನಮ್ಮ ಮನಿ ಹುಡುಗರು ಸಮುದ್ರದ ಕಡೆ ಹಣಿಕಿ ಹಾಕಬಾರದು" ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟರು. ಆ ಕಟ್ಟಳೆ ಹಲವು ವರ್ಷ ನಡೆಯಿತು.

ಆದರೆ ಮಕ್ಕಳು ಬೆಳೆಯುತ್ತಾರೆ. ಮಾಲ್ಟಾ ದೇಶದಲ್ಲಿ ಕೆಲಸದಲ್ಲಿರುವ ಬಂಧುಗಳ ಮಗನೊಬ್ಬ ಮೆಡಿಟರೇನಿಯನ್ ಕಡಲಿನ ಕೊಮಿನೊ ಎಂಬ ಕಿರುದ್ವೀಪಕ್ಕೆ ಗೆಳೆಯರೊಡನೆ ಹೋಗಿ, ತಿಳಿನೀಲಿ ನೀರಿನಲ್ಲಿ ಈಜುವ ಚಿತ್ರಗಳನ್ನು ಕಳುಹಿಸಿದ್ದನು. ಅದನ್ನು ಕಂಡ ಮಕ್ಕಳು, "ಅವರು ಅಷ್ಟು ದೂರ ಹೋಗಿ ನೋಡ್ತಾರ, ನಮಗ ಕಾರವಾರನೂ ಬ್ಯಾಡ ಅಂತೀರಲ್ಲ?" ಎಂದು ಕೇಳಿದರು. ಈ ಪ್ರಶ್ನೆಗೆ ಹಿರಿಯರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಎಪ್ಪತ್ತೆಂಟು ವರ್ಷದ ನಮ್ಮ ಆಯಿಯವರೇ ತೀರ್ಪು ಕೊಟ್ಟರು: "ಅಂಜಿ ಮನ್ಯಾಗ ಕುಂತರ ಅಂಜಿಕಿ ಹೋಗಂಗಿಲ್ಲ. ತಿಳಿದವರನ್ನ ಕೇಳಿಕೊಂಡು ಹೋಗೂಣು. ನಾನೂ ಬರತೇನಿ." ಹೀಗೆ ಸಂಕ್ರಮಣ ಮುಗಿದ ಮೇಲೆ ಮೂರು ಮನೆಗಳ ಹದಿನಾಲ್ಕು ಜನ, ನಾಲ್ಕು ದಿನಗಳ ಬಿಡುವು ಮಾಡಿಕೊಂಡು ಹೊರಟೆವು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಇದ್ದವು. ಎಳ್ಳು ಬೆಲ್ಲವೂ ಒಂದು ಡಬ್ಬಿಯಷ್ಟು ಉಳಿದಿತ್ತು.

ಕಾಳಿಯ ಜೊತೆಗೆ ಘಟ್ಟವಿಳಿದು

ಖಾನಾಪುರ, ಲೋಂಡಾ, ರಾಮನಗರ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಅನಮೋಡ ಘಟ್ಟವನ್ನಿಳಿದು ಗೋವೆಗೆ ಹೋದರೆ ಇನ್ನೊಂದು ಜೋಯಿಡಾ, ಅಣಶಿ, ಕದ್ರಾಗಳ ಮೂಲಕ ಕಾರವಾರಕ್ಕೆ ಇಳಿಯುತ್ತದೆ. ನಾವು ಎರಡನೆಯದನ್ನು ಹಿಡಿದೆವು. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾರಿ. ಹಗಲಿನಲ್ಲಿಯೇ ದಾಟುವುದು ಲೇಸು. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿಯುವುದುಂಟಾದ್ದರಿಂದ ಆಗ ವಿಚಾರಿಸದೆ ಹೊರಡಬಾರದು.

ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿ ಎಂಬಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಈ ಸಣ್ಣ ಪಯಣದಲ್ಲಿ ಅದು ಮಾಡುವ ದುಡಿಮೆ ದೊಡ್ಡದು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಕೆಳಗೆ ಕದ್ರಾದ ಅಣೆಕಟ್ಟು, ಅಲ್ಲಿಯೇ ಸಮೀಪ ಕೈಗಾದ ಅಣುವಿದ್ಯುತ್ ಕೇಂದ್ರ. ಸೂಪಾ ಎಂಬ ಹಳೆಯ ಊರು ಜಲಾಶಯದಡಿ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಉದ್ಯಮಬಾಗದ ನಮ್ಮ ಕಾರ್ಖಾನೆಗಳು ತಿರುಗುವುದು ವಿದ್ಯುತ್ತಿನಿಂದ. ಆ ವಿದ್ಯುತ್ತಿಗಾಗಿ ಊರು ಬಿಟ್ಟುಕೊಟ್ಟವರ ನೆಲದ ಮೇಲೆ ಹಾದುಹೋಗುವಾಗ ಕೃತಜ್ಞತೆಯಿಂದ ನೆನೆಯುವುದು ನಮ್ಮ ಧರ್ಮವೆಂದು ಮಕ್ಕಳಿಗೆ ತಿಳಿಸಿ ಹೇಳಿದೆವು.

ಘಟ್ಟವಿಳಿದಂತೆ ಗಾಳಿ ಬದಲಾಗುತ್ತದೆ. ಎರಡೂವರೆ ಸಾವಿರ ಅಡಿ ಎತ್ತರದ ಬೆಳಗಾವಿಯ ಮಾಗಿ ಚಳಿ ಹಿಂದೆ ಉಳಿದು, ತೆಂಗು ಅಡಿಕೆಗಳ ನಡುವೆ ಬೆಚ್ಚನೆಯ ತೇವದ ಗಾಳಿ ಮೈಗೆ ತಾಗಿತು. ಶಾಲು ಸ್ವೆಟರುಗಳು ಒಂದೊಂದಾಗಿ ಚೀಲ ಸೇರಿದವು.

ಕಾರವಾರದ ದಂಡೆಯಲ್ಲಿ

ಮಧ್ಯಾಹ್ನ ಮೂರರ ಹೊತ್ತಿಗೆ ಕಾರವಾರದ ಕಡಲತೀರದಲ್ಲಿದ್ದೆವು. ಈ ತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ತರುಣ ಕವಿ ಇಲ್ಲಿ ಬಂದು ತಂಗಿದ್ದರು. ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದುದನ್ನು ತಮ್ಮ ಬಾಳಿನ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ದಂಡೆಯ ಮೇಲೆ 2006ರಿಂದ ಚಪಲ ಎಂಬ ಹಳೆಯ ಕ್ಷಿಪಣಿ ನೌಕೆ ಸಂಗ್ರಹಾಲಯವಾಗಿ ನಿಂತಿದೆ. ಹುಡುಗರಿಗೆ ಅದರ ಎಂಜಿನು ಕೋಣೆಯಲ್ಲಿಯೇ ಹೆಚ್ಚು ಆಸಕ್ತಿ. ಕಬ್ಬಿಣದ ಊರಿನವರಲ್ಲವೇ!

ನಮ್ಮ ಆಯಿಯವರು ಮರಳಿನಲ್ಲಿ ಮೆಲ್ಲಗೆ ನಡೆದು ಬಂದು, ಕಡಲನ್ನು ಮೊದಲ ಸಲ ಕಂಡು, ಬಹಳ ಹೊತ್ತು ಮಾತಾಡಲಿಲ್ಲ. ತೆರೆಯೊಂದು ಬಂದು ಪಾದ ತೋಯಿಸಿತು. ಬೊಗಸೆಯಲ್ಲಿ ನೀರು ಎತ್ತಿ ನಾಲಗೆಗೆ ಮುಟ್ಟಿಸಿ, "ಯವ್ವಾ, ಇಷ್ಟು ನೀರು ಇದ್ದರೂ ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲಲ್ಲ!" ಎಂದರು. ಬೇಸಿಗೆಯಲ್ಲಿ ಕೊಡಕ್ಕಾಗಿ ಸರದಿಯಲ್ಲಿ ನಿಂತ ನೆನಪಿದ್ದವರ ಉದ್ಗಾರವದು.

ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನೀರಿನ ಮೇಲೆ ಹಸಿರು ದಿಬ್ಬಗಳಂತೆ ನಡುಗಡ್ಡೆಗಳು ಕಾಣುತ್ತವೆ. ಸಹ್ಯಾದ್ರಿ ಬೇರೆಡೆ ಕಡಲಿನಿಂದ ಹಿಂದೆ ಸರಿದು ನಿಂತಿದ್ದರೆ, ಕಾರವಾರದಲ್ಲಿ ಅದರ ಗುಡ್ಡಗಳು ನೇರವಾಗಿ ನೀರಿಗೇ ಇಳಿಯುತ್ತವೆ. ನೀರಿನಾಚೆ ಮತ್ತೆ ತಲೆಯೆತ್ತಿದ ಗುಡ್ಡದ ನೆತ್ತಿಗಳೇ ಈ ನಡುಗಡ್ಡೆಗಳು. ಆಮೆಯಾಕಾರದ ಕೂರ್ಮಗಡ, 1864ರಿಂದ ದೀಪಸ್ತಂಭ ಹೊತ್ತ ದೇವಗಡ, ದಕ್ಷಿಣಕ್ಕೆ ಅಂಜದೀವ ಇವು ಮುಖ್ಯವಾದವು.

ಅಂಬಿಗನ ಮಾತು

ಕೂರ್ಮಗಡಕ್ಕೆ ಅಂದೇ ಹೋಗಿಬರಬೇಕೆಂದು ನಮ್ಮ ತರುಣರಿಗೆ ಆತುರ. ದೋಣಿಯವರೊಬ್ಬರನ್ನು ಕಂಡು ವಿಚಾರಿಸಿದೆವು. ಐವತ್ತರ ಪ್ರಾಯದ ಆ ಅಂಬಿಗರು ನಮ್ಮನ್ನು ನೋಡಲಿಲ್ಲ. ಕಡಲನ್ನೊಮ್ಮೆ ನೋಡಿ, "ಈಗ ಬೇಡ. ಹೊತ್ತು ಇಳಿದಂತೆ ಗಾಳಿ ಏಳ್ತದೆ. ನಿಮ್ಮ ಜೊತೆ ಅಜ್ಜಿ ಇದ್ದಾರೆ, ಮಕ್ಕಳು ಇದ್ದಾರೆ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ" ಎಂದರು. ಹೆಚ್ಚಿನ ಹಣ ಕೊಡುವುದಾಗಿ ಹೇಳಿದರೂ ಒಪ್ಪಲಿಲ್ಲ. ತರುಣರ ಮುಖ ಸಪ್ಪಗಾಯಿತು. ಆಗ ಅವರು ಮೆಲ್ಲನೆ 2019ರ ಜನವರಿ 21ರ ಸಂಗತಿಯನ್ನು ಎತ್ತಿದರು.

ಪುಷ್ಯ ಹುಣ್ಣಿಮೆಯಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ. ದಂಡೆಯಿಂದ ದೋಣಿಗಳಲ್ಲಿ ಜನ ಹೋಗಿಬರುವುದು ವಾಡಿಕೆ. ಆ ವರ್ಷ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ತೆರೆಗಳಿಗೆ ಸಿಕ್ಕಿ ಮಗುಚಿ ಹದಿನಾರು ಜನ ಜೀವ ಕಳೆದುಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. "ಮೇಲಿನಿಂದ ಬಂದವರು, ಪಾಪ" ಎಂದಷ್ಟೇ ಹೇಳಿ ಅಂಬಿಗರು ಸುಮ್ಮನಾದರು. ಮೇಲಿನವರೆಂದರೆ ಘಟ್ಟದ ಮೇಲಿನವರು, ಎಂದರೆ ನಮ್ಮಂಥವರು. ನಮ್ಮ ತರುಣರು ಮತ್ತೆ ಒತ್ತಾಯಿಸಲಿಲ್ಲ.

ನಮ್ಮ ಪರಂಪರೆಯಲ್ಲಿ ಅಂಬಿಗರ ಚೌಡಯ್ಯನವರು ಇದ್ದಾರೆ. ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಲೇ ಶರಣರ ಸಾಲಿನಲ್ಲಿ ನಿಂತ ನಿಷ್ಠುರವಾದಿ. ಕಾಯಕ ಬಲ್ಲವನ ಮಾತಿಗೆ ಬೆಲೆ ಕೊಡುವುದು ಶರಣಧರ್ಮದ ಮೊದಲ ಪಾಠವೆನ್ನುವ ನಾವು, ಕಡಲಿನ ದಂಡೆಯಲ್ಲಿ ನಿಂತಾಗ ಅಂಬಿಗನ ಮಾತನ್ನು ಹಣದಿಂದ ಕೊಳ್ಳಲು ನೋಡಬಾರದು. ಬರುವ ಬಾಡಿಗೆಯನ್ನು ಬಿಟ್ಟು "ಬೇಡ" ಎನ್ನುವವನೇ ನಂಬಿಕೆಗೆ ಅರ್ಹನಾದ ಅಂಬಿಗ.

ಕೂರ್ಮಗಡಕ್ಕೆ

ಮರುದಿನ ನಸುಕಿನಲ್ಲಿ ಎದ್ದು, ಸ್ನಾನ, ಲಿಂಗಪೂಜೆಗಳನ್ನು ಮುಗಿಸಿ ಏಳಕ್ಕೆ ಸರಿಯಾಗಿ ದಂಡೆಗೆ ಬಂದೆವು. ಹಿಂದಿನ ಸಂಜೆ ಕುದಿಯುತ್ತಿದ್ದ ಕಡಲು ಈಗ ಕೆರೆಯಂತೆ ಶಾಂತವಾಗಿತ್ತು. ಅಂಬಿಗರು ಮೊದಲು ಜೀವರಕ್ಷಕ ಕವಚಗಳನ್ನು ಎಣಿಸಿ ಹದಿನಾಲ್ಕು ಜನರಿಗೂ ತೊಡಿಸಿದರು. ಆಯಿಯವರ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಕವಚ ಕಟ್ಟಿದಾಗ ಮೊಮ್ಮಕ್ಕಳು ನಕ್ಕರೂ, ಮಕ್ಕಳ ಕವಚದ ಪಟ್ಟಿಗಳನ್ನು ಎಳೆದು ನೋಡಿ ಬಿಗಿ ಮಾಡಿಸಿದವರು ಅವರೇ.

ಅಳಿವೆಯಾಚೆ ದೋಣಿ ಸಾಗಿದಂತೆ ಬಲಕ್ಕೆ ದೇವಬಾಗದ ಗಾಳಿಮರಗಳ ತೋಪು, ಅದರ ಹಿಂದೆ ಕಾಳಿಯ ಬಡದಂಡೆಯಲ್ಲಿ ಸದಾಶಿವಗಡದ ಗುಡ್ಡ ಕಂಡವು. ಸೋದೆಯ ಅರಸ ಬಸವಲಿಂಗನು ತನ್ನ ತಂದೆ ಸದಾಶಿವಲಿಂಗನ ಹೆಸರಿನಲ್ಲಿ ಕಟ್ಟಿಸಿದ ಕೋಟೆಯದು. ಆ ಗುಡ್ಡದ ಬುಡದಲ್ಲಿ ಕಾಳಿಗೆ ಕಟ್ಟಿದ್ದ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಒಂದು ರಾತ್ರಿ ಕುಸಿದುಬಿತ್ತು. ದಾರಿಯಲ್ಲಿ ಡಾಲ್ಫಿನುಗಳ ಬೆನ್ನು ಎರಡು ಮೂರು ಸಲ ನೀರಿನ ಮೇಲೆ ಮೂಡಿ ಮರೆಯಾಯಿತು. ಕಿರಿಯವನು "ಎಮ್ಮಿ ಮುಳುಗಿದಂಗ ಆತು!" ಎಂದು ಕೂಗಿದನು. ಅದಕ್ಕಿಂತ ಒಳ್ಳೆಯ ವರ್ಣನೆ ನಮಗೂ ತೋಚಲಿಲ್ಲ.

ಕೂರ್ಮಗಡವನ್ನು ದೋಣಿ ಒಂದು ಸುತ್ತು ಹಾಕಿತು. ಮೂಡಣ ಮಗ್ಗುಲಿನಲ್ಲಿ, ದಂಡೆಗೆ ಎದುರಾಗಿ, ಮರಗಳು ನೀರಿನ ಅಂಚಿನವರೆಗೂ ಬಾಗಿವೆ. ಪಡುವಣ ಮಗ್ಗುಲು ಬೇರೆಯೇ ಲೋಕ. ತೆರೆಗಳು ಬಡಿದು ಬಡಿದು ಬಂಡೆ ಬೆತ್ತಲಾಗಿ ನಿಂತಿದೆ. ಒಂದೇ ನಡುಗಡ್ಡೆ, ದಂಡೆಗೆ ತೋರುವ ಮುಖ ಒಂದು, ಕಡಲಿಗೆ ತೋರುವ ಮುಖ ಇನ್ನೊಂದು. ದೂರದ ದಂಡೆಯಿಂದ ಹಸಿರನ್ನಷ್ಟೇ ಕಂಡು "ಈಜಿಯೇ ಹೋಗಬಹುದು" ಎಂದುಕೊಳ್ಳುವವರು ಈ ಎರಡನೆಯ ಮುಖವನ್ನು ನೋಡಬೇಕು. ತರುಣರು ಇಳಿದು ಗುಡ್ಡವೇರಿ ಬಂದರು. ನಾವು ಹಿರಿಯರು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ ಅಂಬಿಗರಿಗೂ ರೊಟ್ಟಿ, ಹಿಂಡಿ ಕೊಟ್ಟೆವು. ತಂದ ಕಾಗದ, ಡಬ್ಬಿ, ಬಾಟಲಿಗಳನ್ನೆಲ್ಲ ಮರಳಿ ಚೀಲಕ್ಕೆ ತುಂಬಿಕೊಂಡೆವು. ಮನೆಯಂಗಳವನ್ನು ಸಾರಿಸಿ ಬಾಳುವವರು ಕಡಲಿನ ಅಂಗಳವನ್ನು ಹೊಲಸು ಮಾಡಿ ಬರಬಹುದೇ?

ಅಂಜದೀವವನ್ನು ದೂರದಿಂದಲೇ ನೋಡಬೇಕು. ಅದು ಗೋವೆಗೆ ಸೇರಿದ್ದು, ಈಗ ಕದಂಬ ನೌಕಾನೆಲೆಯ ಅಲೆತಡೆ ಗೋಡೆಯಿಂದ ನೆಲಕ್ಕೆ ಬೆಸೆದುಕೊಂಡಿದೆ. ಜನರಿಗೆ ಪ್ರವೇಶವಿಲ್ಲ. 1505ರಲ್ಲಿ ಪೋರ್ತುಗೀಜರು ಅಲ್ಲಿ ಕೋಟೆ ಕಟ್ಟಿದರು. 1660ರ ದಶಕದಲ್ಲಿ, ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಕಾದು ಕುಳಿತು, ರೋಗ ರುಜಿನಗಳಿಂದ ನೂರಾರು ಸಂಖ್ಯೆಯಲ್ಲಿ ಸತ್ತರು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ಆ ನಡುಗಡ್ಡೆಯನ್ನು ಬಿಡಿಸಿಕೊಳ್ಳುವಾಗ ಭಾರತೀಯ ನೌಕಾದಳದ ಏಳು ಜನ ಪ್ರಾಣ ತೆತ್ತರು. ಅಷ್ಟು ಚಿಕ್ಕ ನೆಲ, ಅಷ್ಟು ದೊಡ್ಡ ಬೆಲೆ.

ಎಳ್ಳಿನಂಥ ಮರಳು, ಹೊಲದಂಥ ಉಪ್ಪು

ಅದೇ ದಿನ ಸಂಜೆ ಕಾರವಾರದ ಉತ್ತರಕ್ಕೆ ಮಾಜಾಳಿಗೆ ಹೋಗಿ, ಅಲ್ಲಿಂದ ಗುಡ್ಡದ ಕಾಲುದಾರಿಯಲ್ಲಿ ತಿಲ್ಮತಿ ತೀರವನ್ನು ತಲುಪಿದೆವು. ಗೋವೆಯ ಗಡಿಗೆ ಹತ್ತಿರದ ಈ ಪುಟ್ಟ ತೀರದ ಮರಳು ಬಿಳಿಯದಲ್ಲ, ಕರಿ ಎಳ್ಳಿನಂಥದು. ತಿಲವೆಂದರೆ ಎಳ್ಳು ತಾನೇ. ಸುತ್ತಲ ಕಪ್ಪು ಬಂಡೆಯನ್ನು ಅಲೆಗಳು ಅರೆದರೆದು ಮಾಡಿದ ಮರಳದು. ಸಂಕ್ರಮಣದ ಎಳ್ಳು ಬೆಲ್ಲವನ್ನು ಅಲ್ಲಿ ಕುಳಿತು ಹಂಚಿಕೊಂಡೆವು.

ಮೂರನೆಯ ದಿನ ದಕ್ಷಿಣಕ್ಕೆ ತಿರುಗಿದೆವು. 1930ರ ಏಪ್ರಿಲಿನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ನೆಲೆಯಾದ ಅಂಕೋಲೆಯನ್ನು ದಾಟಿ, ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಬಂದೆವು. ಇಲ್ಲಿ ಉಪ್ಪನ್ನು ಹೊಲದಂತೆ ಬೆಳೆಯುತ್ತಾರೆ. ಅಘನಾಶಿನಿಯ ಅಳಿವೆಯೊಳಕ್ಕೆ ಉಬ್ಬರದಲ್ಲಿ ನುಗ್ಗುವ ಕಡಲನೀರನ್ನು ಕಟ್ಟೆಗಳಿಂದ ತಡೆದು ಪಾತಿಗಳಿಗೆ ಹರಿಸಿ, ಬಿಸಿಲಿಗೆ ಆರಲು ಬಿಡುತ್ತಾರೆ. ನೀರು ಆರಿ ಉಳಿದ ಹರಳುಗಳನ್ನು ಉದ್ದ ಹಿಡಿಯ ಹಲಗೆಯಿಂದ ಬಳಿದು ಗುಡ್ಡೆ ಹಾಕುತ್ತಾರೆ. ನಮ್ಮ ಹೊಲದವರಿಗೆ ಬಿಸಿಲು ಹೆಚ್ಚಾದರೆ ಚಿಂತೆ, ಇವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕಂಡರೆ ಚಿಂತೆ. ದುಡಿಮೆ ಒಂದೇ, ಬೇಡುವ ವರ ಬೇರೆ.

ಗೋಕರ್ಣದಲ್ಲಿ ಮಹಾಬಲೇಶ್ವರನ ಆತ್ಮಲಿಂಗದ ದರ್ಶನ ಮಾಡಿ ಕಡಲತೀರಗಳತ್ತ ನಡೆದೆವು. ಊರಿನ ದಂಡೆಯ ದಕ್ಷಿಣಕ್ಕೆ ಕುಡ್ಲೆ, ಅದರಾಚೆ ಓಂ ತೀರ, ಮತ್ತೂ ಮುಂದೆ ಅರ್ಧಚಂದ್ರ ತೀರ. ಒಂದೊಂದರ ನಡುವೆ ಒಂದೊಂದು ಗುಡ್ಡದ ಮೂಗು ಕಡಲಿಗೆ ಚಾಚಿದೆ. ಓಂ ತೀರವನ್ನು ಮೇಲಿನ ಗುಡ್ಡದಿಂದ ನೋಡಬೇಕು. ನಡುವೆ ಬಂಡೆ ಮುಂಚಾಚಿ ಎರಡು ಕಮಾನುಗಳಾಗಿ ಬಾಗಿದ ದಂಡೆ ನಿಜವಾಗಿಯೂ ಓಂಕಾರದ ರೂಪದಲ್ಲಿ ಕಾಣುತ್ತದೆ. ಆ ನಡುವಣ ಬಂಡೆ ನೋಡಲು ಎಷ್ಟು ಚೆಂದವೋ ಹತ್ತಲು ಅಷ್ಟೇ ಮೋಸ. ಪಾಚಿ ಕಟ್ಟಿದ ಕಲ್ಲು ಮತ್ತು ಎಣಿಕೆ ಮೀರಿ ಬರುವ ಒಂದೊಂದು ದೊಡ್ಡ ತೆರೆ, ಇವೆರಡು ಸೇರಿದರೆ ಸಾಕು.

ಬಸವರಾಜದುರ್ಗ

ನಮ್ಮ ಪ್ರವಾಸದ ಮುಖ್ಯ ಗುರಿಯಾಗಿದ್ದದ್ದು ಹೊನ್ನಾವರ. ಶರಾವತಿ ಕಡಲು ಸೇರುವ ಈ ಊರಿನ ಸಮೀಪ ಸಮುದ್ರದ ನಡುವೆ ಬಸವರಾಜದುರ್ಗವೆಂಬ ನಡುಗಡ್ಡೆಯಿದೆ. ಘಟ್ಟದ ಮೇಲಿನ ಲಿಂಗವಂತರಿಗೂ ಕಡಲಿಗೂ ನಂಟೇ ಇಲ್ಲವೆಂದು ತಿಳಿದವರಿಗೆ ಈ ಹೆಸರೇ ಉತ್ತರ. ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ರಾಜಧಾನಿ ಮಾಡಿಕೊಂಡು ಆಳಿದ ಶಿವಭಕ್ತ ನಾಯಕ ಅರಸರ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು. ಬಿದನೂರಿನ ಆ ಮನೆತನದ ಬಸವರಾಜನ ಹೆಸರನ್ನೇ ಈ ದುರ್ಗ ಹೊತ್ತಿದೆ.

ಆ ಅರಸರಿಗೆ ಕಡಲೆಂದರೆ ಬರಿಯ ನೋಟವಾಗಿರಲಿಲ್ಲ, ರಾಜ್ಯದ ಬೊಕ್ಕಸವಾಗಿತ್ತು. ಘಟ್ಟದ ಮೆಣಸು ಶರಾವತಿಯ ದೋಣಿಗಳಲ್ಲಿ ಇಳಿದು ಹೊನ್ನಾವರದಿಂದ ಹಡಗು ಹತ್ತುತ್ತಿತ್ತು. 1623ರಲ್ಲಿ ಮೆಡಿಟರೇನಿಯನ್ ಸೀಮೆಯ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ, ಗೋವೆಯ ಪೋರ್ತುಗೀಜರ ರಾಯಭಾರಿಯೊಡನೆ ಇದೇ ಹೊನ್ನಾವರದಲ್ಲಿ ಇಳಿದು, ನದಿಯ ಮೇಲೆ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಸಾಗಿ, ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋಗಿದ್ದನು. ದಾರಿಯ ಕಾಡಿನ ಚೆಲುವು ಕಂಡು ಬೆರಗಾಗಿ ಬರೆದಿಟ್ಟನು. ಇಂದು ನಮ್ಮ ಮಕ್ಕಳು ಅವನ ಸೀಮೆಯ ಕಡಲಿನ ಚಿತ್ರ ನೋಡಿ ಬೆರಗಾಗುತ್ತಾರೆ. ಅಂದು ಅವನು ನಮ್ಮ ದಂಡೆಯನ್ನು ನೋಡಿ ಬೆರಗಾಗಿದ್ದನು. ಮುಂದೆ ಶಿಸ್ತಿನ ಶಿವಪ್ಪನಾಯಕನು 1652ರಿಂದ 1654ರ ಅವಧಿಯಲ್ಲಿ ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಪೋರ್ತುಗೀಜರನ್ನು ಹೊರದೂಡಿದನು.

ನಾಲ್ಕನೆಯ ದಿನ ಬೆಳಿಗ್ಗೆ ಸ್ಥಳೀಯ ಮೀನುಗಾರರನ್ನು ಕೇಳಿಕೊಂಡು, ಅವರು ಒಪ್ಪಿದ ಹೊತ್ತಿಗೆ ದೋಣಿ ಏರಿದೆವು. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ಮರಳದಿಬ್ಬಗಳೆದ್ದಿವೆ. ನೀರಿನ ದಾರಿ ಕಣ್ಣಿಗೆ ಕಾಣದು. ದೋಣಿಯವರು ಎಡಕ್ಕೆ, ಬಲಕ್ಕೆ ಹೊರಳಿಸುತ್ತ, ಒಂದೆಡೆ ಎಂಜಿನನ್ನು ಇಳಿಸಿ ಎರಡು ತೆರೆಗಳನ್ನು ಹೋಗಗೊಟ್ಟು, ಮೂರನೆಯದರ ಬೆನ್ನ ಮೇಲೆ ನಮ್ಮನ್ನು ದಾಟಿಸಿದರು. ಆ ಎರಡು ನಿಮಿಷ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಬಳಿಕ ದುರ್ಗ ಎದುರಾಯಿತು. ನಡುಗಡ್ಡೆಯ ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲಿನ ಕೋಟೆಗೋಡೆ, ಅಲ್ಲಲ್ಲಿ ಬುರುಜು, ಗೋಡೆಯ ಮೇಲೆ ಬೇರಿಳಿಸಿದ ಮರಗಳು. ಇಳಿಯುವ ಜಾಗದಲ್ಲಿ ತೆರೆ ಬಡಿಯುತ್ತಿದ್ದುದರಿಂದ ಆಯಿಯವರನ್ನೂ ಮಕ್ಕಳನ್ನೂ ಇಳಿಸುವುದು ಬೇಡವೆಂದು ದೋಣಿಯವರು ಹೇಳಿದರು. ನಾವು ಒಪ್ಪಿ, ನೀರಿನ ಮೇಲಿನಿಂದಲೇ ಸುತ್ತು ಬಂದೆವು. ಕೆಂಪು ಕಲ್ಲಿನ ಗೋಡೆಯ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಆಯಿಯವರು ಕೈಮುಗಿದು, "ನೆಲದ ಮ್ಯಾಲಿನ ಅರಸರು ನೀರಾಗ ಕೋಟಿ ಕಟ್ಟ್ಯಾರಂದ್ರ, ಅವರಿಗೆ ಈ ಅಂಬಿಗರೇ ದಾರಿ ತೋರಿಸಿರಬೇಕು" ಎಂದರು. ಇತಿಹಾಸದ ಪುಸ್ತಕಗಳಲ್ಲಿ ಅರಸರ ಹೆಸರಿದೆ. ಕಲ್ಲು ಹೊತ್ತ ದೋಣಿಗಳನ್ನು ನಡೆಸಿದವರ ಹೆಸರಿಲ್ಲ. ಆಯಿಯವರ ಮಾತು ಆ ಕೊರತೆಯನ್ನು ತುಂಬಿತು.

ಮರಳಿ ಬಂದು ಹೊನ್ನಾವರದ ಕಾಸರಕೋಡು ತೀರದಲ್ಲಿ ವಿಶ್ರಮಿಸಿದೆವು. ನೀರಿನ ಶುದ್ಧತೆ, ಸ್ವಚ್ಛತೆ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ನೀಲಿ ಬಾವುಟದ ಅಂತಾರಾಷ್ಟ್ರೀಯ ಮಾನ್ಯತೆ 2020ರಲ್ಲಿ ಈ ತೀರಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರೆಗೂ ದೊರೆಯಿತು. ಸಮೀಪದ ಟೊಂಕದ ಮರಳಿನಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಇನ್ನೂ ದಕ್ಷಿಣಕ್ಕೆ ಮುರ್ಡೇಶ್ವರ. ಅದರಾಚೆ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ನೇತ್ರಾಣಿ ನಡುಗಡ್ಡೆ. ಹವಳ, ಬಣ್ಣದ ಮೀನುಗಳನ್ನು ಮುಳುಗಿ ನೋಡುವವರ ತಾಣವದು. ನಮಗೆ ಬಿಡುವಿರಲಿಲ್ಲ.

ಕಡಲನ್ನು ಓದುವ ಬಗೆ

ಮುರ್ಡೇಶ್ವರದ ಹೆಸರಿನೊಡನೆ ಇನ್ನೊಂದು ನೋವೂ ನೆನಪಾಗುತ್ತದೆ. 2024ರ ಡಿಸೆಂಬರ್ 10ರಂದು ಅಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ಬೆಳಗಾವಿ, ಹಾವೇರಿ, ಕೋಲಾರ ಇವು ಮೂರೂ ಒಳನಾಡಿನ ಊರುಗಳು. ಕಡಲಿಗೆ ಹಗೆತನವಿಲ್ಲ. ಹೊಸಬರಿಗೆ ಅದರ ಭಾಷೆ ತಿಳಿಯದು, ಅಷ್ಟೇ. ಅಂಬಿಗರಿಂದಲೂ ತೀರರಕ್ಷಕರಿಂದಲೂ ನಾವು ಕೇಳಿ ತಿಳಿದ ನಾಲ್ಕು ಮಾತುಗಳನ್ನು ನಮ್ಮ ಮನೆಗಳ ಮಕ್ಕಳಿಗಾಗಿ ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಉಬ್ಬರ ಇಳಿತ. ಮೆಡಿಟರೇನಿಯನ್ ಕಡಲಿನ ಬಹುಭಾಗದಲ್ಲಿ ನೀರು ಏರಿಳಿಯುವುದು ಒಂದು ಮೊಳಕ್ಕಿಂತಲೂ ಕಡಿಮೆ. ಅಲ್ಲಿಯ ಚಿತ್ರಗಳನ್ನು ನೋಡಿ ನಮ್ಮ ಕಡಲನ್ನು ಅಳೆಯಬಾರದು. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಏರಿಳಿತ ಐದಾರು ಅಡಿಯಷ್ಟಾಗುತ್ತದೆ. ದಿನದಿಂದ ದಿನಕ್ಕೆ ಹೊತ್ತೂ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ನಿನ್ನೆ ನಡೆದು ಹೋದ ಬಂಡೆಗೆ ಇಂದು ಅದೇ ಹೊತ್ತಿನಲ್ಲಿ ದಾರಿಯಿರಲಾರದು. ಪಂಚಾಂಗ ನೋಡಿ ಕಾರ್ಯ ಮಾಡುವ ಮನೆಗಳು ನಮ್ಮವು. ಕಡಲಿಗೆ ಹೊರಡುವಾಗಲೂ ತಿಥಿ ನೋಡುವುದು ಒಳ್ಳೆಯದು.

ಎರಡನೆಯದು ಸೆಳವು. ತೆರೆಗಳು ದಂಡೆಗೆ ತಂದು ಸುರಿದ ನೀರು ಮರಳಿ ಹೋಗಲೇಬೇಕು. ಅದು ಇಕ್ಕಟ್ಟಾದ ಒಂದು ಓಣಿ ಮಾಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ತೆರೆ ಒಡೆಯುವುದು ಕಡಿಮೆಯಾದ್ದರಿಂದ ನೀರು ಶಾಂತವಾಗಿ ಕಾಣುತ್ತದೆ. ಹೊಸಬರು "ಇಲ್ಲಿ ಅಲೆಯಿಲ್ಲ" ಎಂದು ಅಲ್ಲಿಯೇ ಇಳಿಯುತ್ತಾರೆ. ಮಲಪ್ರಭೆಯಲ್ಲಿ ಈಜು ಕಲಿತ ಬಲವೂ ಆ ಸೆಳವಿಗೆ ಎದುರಾಗಿ ನಿಲ್ಲದು. ಸಿಕ್ಕಿಕೊಂಡರೆ ದಂಡೆಯತ್ತ ಎದುರೀಜಿ ದಣಿಯಬಾರದು. ದಂಡೆಗೆ ಸಮವಾಗಿ ಮಗ್ಗುಲಿಗೆ ಈಜಿ ಓಣಿಯಿಂದ ಹೊರಬಂದು, ಬಳಿಕ ತೆರೆಗಳೊಡನೆ ದಂಡೆಗೆ ಬರಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕರೆಯಬೇಕು. ಮುಳುಗುವವರನ್ನು ಕಂಡು ಒಬ್ಬರ ಹಿಂದೊಬ್ಬರು ನೀರಿಗೆ ಹಾರಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ತೀರರಕ್ಷಕರನ್ನು ಕರೆಯಬೇಕು.

ಮೂರನೆಯದು ಋತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಕಡಲಿನಲ್ಲಿಯೇ ಹುಟ್ಟಿ ಬೆಳೆದವರ ದೊಡ್ಡ ದೋಣಿಗಳು ದಡ ಸೇರಿದ ದಿನಗಳಲ್ಲಿ ನಾವು ನೀರಿಗಿಳಿಯುವುದು ಸಲ್ಲದು. ಮಾಗಿಯ ಬೆಳಗುಗಳೇ ಕುಟುಂಬ ಸಮೇತ ಹೋಗಲು ಯೋಗ್ಯ.

ನಾಲ್ಕನೆಯದು ಕವಚ. ದೋಣಿ ಸಣ್ಣದಿರಲಿ, ದೂರ ಅಲ್ಪವಿರಲಿ, ತಲೆಗೊಂದರಂತೆ ಜೀವರಕ್ಷಕ ಕವಚವಿಲ್ಲದ ದೋಣಿಯನ್ನು ಏರಬಾರದು. ಜನ ಹೆಚ್ಚಾದ ದೋಣಿಯಿಂದ ಇಳಿದು ಮುಂದಿನ ದೋಣಿಗೆ ಕಾಯುವುದರಲ್ಲಿ ಅವಮಾನವೇನೂ ಇಲ್ಲ.

ಪ್ರವಾಸದಿಂದ ಬಂದ ಮೇಲೆ ಮನೆಯಲ್ಲಿ ಹಿರಿಯರ ಹಳೆಯ ಕಟ್ಟಳೆ ಹೋಗಿ ಹೊಸದೊಂದು ಬಂದಿದೆ: ಕಡಲಿಗೆ ಹೋಗುವ ಮಗು ಮೊದಲು ಈ ನಾಲ್ಕನ್ನು ಬಾಯಲ್ಲಿ ಹೇಳಬೇಕು. ಹೇಳಲು ಬಂದರೆ ಹೊರಡಬಹುದು, ಬಾರದಿದ್ದರೆ ದಂಡೆಯಲ್ಲಿ ಆಯಿಯ ಮಗ್ಗುಲಿಗೆ ಕುಳಿತಿರಬೇಕು. ಓದುಗ ಶರಣ ಬಂಧುಗಳೂ ತಮ್ಮ ಮಕ್ಕಳೊಡನೆ ಒಮ್ಮೆ ಘಟ್ಟವಿಳಿದು ಬರಲಿ, ಬಸವರಾಜದುರ್ಗದ ಕೆಂಗಲ್ಲಿನ ಗೋಡೆಯನ್ನು ಕಣ್ಣಾರೆ ಕಾಣಲಿ. ಹೋದವರೆಲ್ಲರೂ ಎಣಿಕೆ ತಪ್ಪದೆ ಮನೆಗೆ ಮರಳಲಿ ಎಂಬುದೇ ನಮ್ಮ ಹಾರೈಕೆ.